ಜಿಂಕೆಗೆ ಎಷ್ಟು ದೊಡ್ಡ ಗುಂಡು

ಶಿರ್ವದ ಜೇಕಬ್ ಕ್ವಾಡ್ರಸ್ ತಮ್ಮ ಜೀವಮಾನದಲ್ಲಿ ಒಂದು ಕೋಳಿಯನ್ನೂ ಕೊಂದವರಲ್ಲ. ಆದರೂ ದೋಹಾದ ಬೇಟೆ ಸಾಮಾನಿನ ಅಂಗಡಿಯೊಂದರಲ್ಲಿ ರೈಫಲ್ ಕೌಂಟರಿನ ಹಿಂದೆ ನಿಂತು ಅವರ ಕೂದಲು ಬೆಳ್ಳಗಾಗಿತ್ತು. ಕತಾರಿಗೆ ಬಂದದ್ದು ಕಟ್ಟಡ ಕಂಪನಿಯೊಂದರ ಸ್ಟೋರ್‌ಕೀಪರ್ ಆಗಿ. ಆ ಕಂಪನಿ ಮುಚ್ಚಿದಾಗ ಚರ್ಚಿನ ಪರಿಚಯದವರೊಬ್ಬರು ಈ ಅಂಗಡಿಯ ಗೋಡೌನಿಗೆ ಸೇರಿಸಿದರು. ಕ್ಯಾಟಲಾಗ್ ಓದಿ ಅರ್ಥ ಮಾಡಿಕೊಳ್ಳಬಲ್ಲರು, ಮಾತು ಮೆದು, ಯಾರೊಂದಿಗೂ ಜಗಳವಿಲ್ಲ. ಹಾಗಾಗಿ ಮಾಲೀಕರು ಅವರನ್ನು ಮುಂದಿನ ಕೌಂಟರಿಗೆ ಕರೆಸಿಕೊಂಡರು.

ಅಲ್ಲಿ ಬರುವವರಲ್ಲಿ ಹೆಚ್ಚಿನವರು ಕತಾರಿಗಳು. ಬೇಟೆಗೆಂದು ಹಂಗೇರಿಗೋ ಸ್ಕಾಟ್ಲೆಂಡಿಗೋ ಹೋಗುವವರು. ಎಲ್ಲರೂ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ: ಜಿಂಕೆಗೆ ಯಾವ ಕ್ಯಾಲಿಬರ್, ಅಂದರೆ ಎಷ್ಟು ದಪ್ಪದ ಗುಂಡು, ಒಳ್ಳೆಯದು? ಉತ್ತರ ಕ್ಯಾಟಲಾಗಿನಲ್ಲೇ ಇರುತ್ತಿತ್ತು. ಗುಂಡಿನ ದಪ್ಪ, ತೂಕ, ವೇಗ, ಅದು ಹೊಡೆಯುವ ಬಲ ಎಲ್ಲವೂ ಅಂಕೆಗಳಲ್ಲಿ. ಆದರೆ ಜೇಕಬರಿಗೆ ಇನ್ನೊಂದು ಅಭ್ಯಾಸವಿತ್ತು. ಬೇಟೆ ಮುಗಿಸಿ ಬಂದವರು ಫೋನಿನಲ್ಲಿ ಫೋಟೊ ತೋರಿಸಿದಾಗ ಅವರು ಮೆಲ್ಲಗೆ ಕೇಳುತ್ತಿದ್ದರು, "ಗುಂಡು ತಾಗಿದ ಮೇಲೆ ಎಷ್ಟು ದೂರ ಓಡಿತು?" ದೊಡ್ಡ ಕ್ಯಾಲಿಬರ್ ಕೊಂಡು ಹೋದವರೇ ಹೆಚ್ಚು ಸಲ ಓಡಿದ ಪ್ರಾಣಿಯ ಕತೆ ಹೇಳುವುದನ್ನು ವರ್ಷಗಟ್ಟಲೆ ಕೇಳಿ ಅವರಿಗೆ ಆಶ್ಚರ್ಯವಾಗಿತ್ತು. ಕಾರಣ ತಿಳಿಯಲು ಬಹಳ ಕಾಲ ಹಿಡಿಯಿತು. ರೈಫಲ್ ದೊಡ್ಡದಾದಷ್ಟೂ ಭುಜಕ್ಕೆ ಜೋರಾಗಿ ಒದೆಯುತ್ತದೆ. ಒದೆತಕ್ಕೆ ಹೆದರಿದ ಮೈ ಗುಂಡು ಹಾರುವ ಮೊದಲೇ ಬಿಗಿಯುತ್ತದೆ. ಆಗ ಎದೆಗೆ ತಾಗಬೇಕಾದ್ದು ಹೊಟ್ಟೆಗೆ ತಾಗುತ್ತದೆ.

ಅಬು ಫಹದ್ ಅಂಗಡಿಯ ಹಳೆಯ ಗಿರಾಕಿ. ಎಪ್ಪತ್ತು ದಾಟಿದ ವಯಸ್ಸು, ಎತ್ತರದ ಆಳು. ಹಳೆಯ ಕಾಲದ ಕತಾರಿಗಳಿಗೆ ಬರುವಂಥ, ಅಂಗಡಿಗಳಲ್ಲಿ ಕಲಿತ ಹಿಂದಿಯನ್ನು ಅರಬ್ಬಿಯೊಂದಿಗೆ ಬೆರೆಸಿ ಮಾತನಾಡುತ್ತಿದ್ದರು. ಜೇಕಬರನ್ನು 'ಯಾಕೂಬ್' ಎನ್ನುತ್ತಿದ್ದರು. ಜೇಕಬ್ ಅವರನ್ನು 'ಬಾಬಾ' ಎನ್ನುತ್ತಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಳಿಗೆ ಕೆಂಪು ಜಿಂಕೆಯ ಬೇಟೆಗೆ ಹೋಗುವುದು ಅವರ ಪದ್ಧತಿ. ಜೊತೆಗೆ ಅವರ ಹಳೆಯ ಮುನ್ನೂರು ಮ್ಯಾಗ್ನಮ್ ರೈಫಲ್, ಮದ್ದು ಹೆಚ್ಚು, ಒದೆತವೂ ಹೆಚ್ಚು. ಕೆಲವು ವರ್ಷಗಳ ಹಿಂದೆ ಬಲ ಭುಜದ ಆಪರೇಷನ್ ಆಗಿತ್ತು. ಆಮೇಲೂ ಅದೇ ರೈಫಲ್.

ಒಂದು ಏಪ್ರಿಲ್ ಬೆಳಿಗ್ಗೆ, ಅಂಗಡಿಯಲ್ಲಿ ಬೇರೆ ಗಿರಾಕಿಗಳಿಲ್ಲದಾಗ, ಅವರು ಬಂದು ಕೌಂಟರಿನ ಎದುರು ಕುಳಿತರು.

"ಯಾಕೂಬ್, ಇದಕ್ಕಿಂತ ದೊಡ್ಡದು ಕೊಡು. ಮುನ್ನೂರ ಮೂವತ್ತೆಂಟು ಕ್ಯಾಲಿಬರಿನದ್ದು."

"ಜಿಂಕೆಗಾ ಬಾಬಾ? ಅದು ಕರಡಿಗೂ ಹೆಚ್ಚಾಯ್ತು."

ಅವರು ತಸ್ಬೀಹ್ ಜಪಮಾಲೆಯ ನಾಲ್ಕಾರು ಮಣಿಗಳನ್ನು ಬೆರಳಲ್ಲಿ ಉರುಳಿಸಿದರು. ಆಮೇಲೆ ಕಳೆದ ಸೆಪ್ಟೆಂಬರಿನ ವಿಷಯ ಹೇಳಿದರು. ಒಳ್ಳೆಯ ಗಂಡು ಜಿಂಕೆ, ಹತ್ತಿರದಲ್ಲೇ ನಿಂತಿತ್ತು. ಗುಂಡು ಹಿಂದಕ್ಕೆ, ಹೊಟ್ಟೆಗೆ ತಾಗಿ ಅದು ಓಡಿಹೋಯಿತು. ಕತ್ತಲಾಗುವವರೆಗೂ ನಾಯಿ ಬಿಟ್ಟು ಹುಡುಕಿದರು. ಸಿಗಲಿಲ್ಲ. ಮರುದಿನ ಮಳೆ ಬಂದು ರಕ್ತದ ಗುರುತೂ ತೊಳೆದುಹೋಯಿತು.

"ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮಗ ಫಹದನಿಗೂ ಇಲ್ಲ. ಅದು ಎಲ್ಲೋ ಮಲಗಿ ನರಳಿರಬೇಕು. ದೊಡ್ಡ ಗುಂಡಾದರೆ ಎಲ್ಲಿ ತಾಗಿದರೂ ಬೀಳುತ್ತದೆ. ಅದಕ್ಕೆ ಕೇಳುತ್ತಿದ್ದೇನೆ."

ಅಂಗಡಿಯಲ್ಲಿ ಅತಿ ಹೆಚ್ಚು ಬೆಲೆಯ ರೈಫಲ್ ಅದೇ. ಬೇರೆ ಯಾರಾದರೂ ಕೇಳಿದ್ದರೆ ಜೇಕಬ್ ಆರ್ಡರ್ ಬರೆದುಕೊಳ್ಳುತ್ತಿದ್ದರೋ ಏನೋ. ಈ ಮುದುಕರು ಕೇಳುತ್ತಿದ್ದದ್ದು ಜಂಬಕ್ಕಲ್ಲ, ಮರುಕದಿಂದ. ಆದರೆ ಪರಿಹಾರವನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತು.

"ಗುಂಡು ತಾಗಿದ್ದು ನೀವೇ ನೋಡಿದ್ರಾ ಬಾಬಾ?"

"ಗೈಡ್ ಹೇಳಿದ."

"ನೀವು?"

ಅಬು ಫಹದ್ ಎದ್ದರು. "ಯೋಚನೆ ಮಾಡಿ ಇಡು. ಬರುತ್ತೇನೆ," ಎಂದು ಹೊರಟುಹೋದರು.

ಆ ಸಂಜೆ ಐನ್ ಖಾಲಿದ್ ಬಡಾವಣೆಯ ತಮ್ಮ ಮನೆಯಲ್ಲಿ ಚಾ ಕುಡಿಯುತ್ತ ಜೇಕಬ್ ಹೆಂಡತಿಗೆ ಇದನ್ನು ಹೇಳಿದರು. ತೆರೆಜಾ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಮಗಳು ಶರಲ್ ಹನ್ನೊಂದನೇ ಕ್ಲಾಸು. ಅಪ್ಪನ ಕೆಲಸದ ಬಗ್ಗೆ ಅವಳಿಗೆ ಇತ್ತೀಚೆಗೆ ಮುನಿಸು.

"ಒದೆತಕ್ಕೆ ಹೆದರ್ತೀರಿ ಅಂತ ಹೇಳುದು ಹೇಗೆ ಅಷ್ಟು ದೊಡ್ಡ ಮನುಷ್ಯನಿಗೆ?" ಜೇಕಬ್ ಕೇಳಿದರು.

"ಅದು ಹೆದರಿಕೆ ಅಂತ ಯಾಕೆ ಹೇಳ್ತೀರಿ?" ಎಂದರು ತೆರೆಜಾ. "ನಮ್ಮಲ್ಲಿ ಬರ್ತಾರಲ್ಲ, ಒಂದು ಸಲ ನೋವು ತಿಂದವರು. ಮತ್ತೆ ಬಂದು ಕುರ್ಚಿಯಲ್ಲಿ ಕೂತು ಲೈಟ್ ಹಾಕಿದ ಕೂಡ್ಲೆ ಕಣ್ಣು ಮುಚ್ಚಿ ಆಯ್ತು. ಡಾಕ್ಟ್ರು ಮುಟ್ಟಿರುದೇ ಇಲ್ಲ. ಆರಡಿ ಆಳು, ಪೊಲೀಸಿನವ್ರು, ಎಲ್ಲ ಹಾಗೆಯೇ. ಮೈಗೆ ನೆನಪು ಉಂಟಲ್ಲ, ಅದಕ್ಕೆ ನಾವು ಹೇಳಿದ್ದು ಕೇಳುದಿಲ್ಲ."

ಶರಲ್ ಫೋನಿನಿಂದ ತಲೆ ಎತ್ತದೆ, "ಪಪ್ಪಾ, ಮಾರ್ಲೇಬೇಡಿ. ಜಿಂಕೆ ಪಾಪ ಅಲ್ವಾ," ಎಂದಳು.

"ನಾನು ಮಾರದಿದ್ರೆ ಬೇರೆಯವ್ರು ಮಾರ್ತಾರೆ ಮಗಾ."

"ಎಲ್ಲರೂ ಹಾಗೇ ಹೇಳುದು."

ಜೇಕಬ್ ಚಾದ ಲೋಟ ಹಿಡಿದು ಬಾಲ್ಕನಿಗೆ ಹೋದರು. ಮಗಳ ಮಾತು ತಪ್ಪೆಂದು ಅವರಿಗೆ ಅನ್ನಿಸಲಿಲ್ಲ, ಪೂರ್ತಿ ಸರಿಯೆಂದೂ ಅನ್ನಿಸಲಿಲ್ಲ. ಆ ಮುದುಕರು ಹೇಗಿದ್ದರೂ ಬೇಟೆಗೆ ಹೋಗುವವರೇ. ಪ್ರಾಣಿ ಕೂಡಲೇ ಬೀಳುವುದೋ, ಕತ್ತಲವರೆಗೆ ನರಳುವುದೋ, ಅಷ್ಟೇ ತನ್ನ ಕೈಯಲ್ಲಿರುವುದು. ಅದು ಸಣ್ಣ ವಿಷಯವೂ ಅಲ್ಲ ಎಂದುಕೊಂಡರು.

ಮುಂದಿನ ವಾರ ಅಬು ಫಹದ್ ಬಂದಾಗ ಜೇಕಬ್ ರೈಫಲಿನ ಮಾತನ್ನೇ ಎತ್ತಲಿಲ್ಲ. ಹೆಂಡತಿಯ ಕ್ಲಿನಿಕ್ಕಿನ ಕುರ್ಚಿ, ಮುಚ್ಚುವ ಕಣ್ಣು, ಆರಡಿಯ ಪೊಲೀಸರು, ಇಷ್ಟನ್ನು ಹೇಳಿದರು. ಮುದುಕರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ತಮ್ಮ ಬಲ ಭುಜವನ್ನು ಎಡಗೈಯಿಂದ ಒಮ್ಮೆ ಸವರಿಕೊಂಡರು.

"ನಿನಗೆ ಆ ಉಪಾಯ ಗೊತ್ತಲ್ಲ, ಖಾಲಿ ತೋಟೆಯದ್ದು?"

ಜೇಕಬರಿಗೆ ಗೊತ್ತಿತ್ತು. ಗುಂಡು ಹೊಡೆಯಲು ಕಲಿಸುವವರು ನಿಜವಾದ ತೋಟೆಗಳ ನಡುವೆ ಮದ್ದಿಲ್ಲದ ಒಂದನ್ನು ಸೇರಿಸುತ್ತಾರೆ. ಯಾವುದು ಖಾಲಿ ಎಂದು ಹೊಡೆಯುವವನಿಗೆ ತಿಳಿದಿರುವುದಿಲ್ಲ. ಟ್ರಿಗರ್ ಒತ್ತಿದಾಗ ಗುಂಡು ಹಾರದಿದ್ದರೆ, ಅವನ ಕೈ ಏನು ಮಾಡಿತೆಂಬುದು ಎಲ್ಲರಿಗೂ ಕಾಣುತ್ತದೆ.

"ನಾಳೆ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಬಾ," ಎಂದರು ಅಬು ಫಹದ್. "ನೀನೇ ತುಂಬು. ನನಗೆ ಹೇಳಬೇಡ. ನಾವಿಬ್ಬರೇ. ಫಹದ್ ಬೇಡ."

ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ರೇಂಜಿನ ಮೇಜಿಗೆ ಮೊಣಕೈ ಊರಿ ಮುದುಕರು ಹಳೆಯ ಮ್ಯಾಗ್ನಮ್ ಹಿಡಿದು ಕುಳಿತರು. ಮೊದಲ ಗುಂಡು ಸದ್ದು ಮಾಡಿ ಹೋಯಿತು. ಗುರಿಹಲಗೆಯ ಕೆಳಮೂಲೆಗೆ ತಾಗಿತು. ಜೇಕಬ್ ಎರಡನೆಯದನ್ನು ತುಂಬಿ ಹಿಂದೆ ಸರಿದರು. ಮುದುಕರು ಉಸಿರು ಹಿಡಿದರು, ಟ್ರಿಗರ್ ಒತ್ತಿದರು. 'ಟಿಕ್' ಎಂಬ ಸಣ್ಣ ಸದ್ದು ಮಾತ್ರ ಬಂತು. ಆದರೆ ರೈಫಲಿನ ನಳಿಕೆ ಗಕ್ಕನೆ ಕೆಳಗೆ ಕುಸಿಯಿತು. ಭುಜ ಮುಂದಕ್ಕೆ ಹಾರಿತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು.

ಅವು ತೆರೆಯುವವರೆಗೆ ಜೇಕಬ್ ಬೇರೆ ಕಡೆ ನೋಡುತ್ತ ನಿಂತರು.

"ಎಷ್ಟು ವರ್ಷದಿಂದ ಹೀಗೆ ಮಾಡುತ್ತಿದ್ದೇನೋ," ಎಂದರು ಅಬು ಫಹದ್. ರೈಫಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಖಲಾಸ್. ಬೇರೆ ತಾ."

ಜೇಕಬ್ ಅಂಗಡಿಯಿಂದ ತಂದಿದ್ದ ಆರೂವರೆ ಮಿಲಿಮೀಟರಿನ ರೈಫಲನ್ನು ಕೊಟ್ಟರು. ತೆಳ್ಳನೆಯ ಗುಂಡು, ಮದ್ದೂ ಕಡಿಮೆ, ಒದೆತ ಅರ್ಧಕ್ಕಿಂತಲೂ ಕಮ್ಮಿ. ಮೊದಲೆರಡು ಸಲ ಅದರಲ್ಲೂ ಕಣ್ಣು ಮುಚ್ಚಿತು. ಆಮೇಲೆ ಭುಜಕ್ಕೆ ನಂಬಿಕೆ ಬಂದ ಹಾಗಿತ್ತು. ತೂತುಗಳು ಗುರಿಯ ನಡುವೆ ಒಂದರ ಪಕ್ಕ ಒಂದು ಬೀಳತೊಡಗಿದವು.

"ಇದು ಸಾಕಾ ಅಷ್ಟು ದೊಡ್ಡ ಜಿಂಕೆಗೆ?"

"ಸರಿಯಾದ ಜಾಗಕ್ಕೆ ತಾಗಿದ್ರೆ ಸಾಕು ಬಾಬಾ. ತುಂಬ ದೂರ ಇದ್ರೆ ಹೊಡೀಬೇಡಿ."

"ಮಜ್ಲಿಸಿನ ಕೂಟದಲ್ಲಿ ಗೆಳೆಯರು ನಗುತ್ತಾರೆ. ಮಕ್ಕಳ ಬಂದೂಕು ಎನ್ನುತ್ತಾರೆ."

ಆದರೂ ಗುರಿಹಲಗೆಯನ್ನು ಮತ್ತೊಮ್ಮೆ ನೋಡಿ ಅಬು ಫಹದ್ ಅದನ್ನೇ ಆರ್ಡರ್ ಮಾಡಲು ಹೇಳಿದರು.

ತೊಂದರೆ ಬಂದದ್ದು ಮಗನಿಂದ. ಫಹದ್ ತಂದೆಗೆ ಉಡುಗೊರೆಯೆಂದು ಚಿನ್ನದ ಕೆತ್ತನೆಯ ದೊಡ್ಡ ಮ್ಯಾಗ್ನಮ್ ಒಂದನ್ನು ಮಾಲೀಕರ ಬಳಿ ಆಗಲೇ ಮಾತಾಡಿ ಇಟ್ಟಿದ್ದ. ತಂದೆ ಅದು ಬೇಡವೆಂದದ್ದೇ ಅವನು ನೇರವಾಗಿ ಜೇಕಬರ ಎದುರು ಬಂದು ನಿಂತ.

"ನನ್ನ ತಂದೆಗೆ ಏನು ಹೇಳಿದೆ ನೀನು? ಅವರು ಮುದುಕರಾದರು ಎಂದೆಯಾ?"

"ಇಲ್ಲ ಸಾರ್. ಅವರೇ ಹೊಡೆದು ನೋಡಿ ಆರಿಸಿದ್ದು."

"ಅವರು ಮೂವತ್ತು ವರ್ಷದಿಂದ ಮ್ಯಾಗ್ನಮ್ ಹೊಡೆಯುವವರು. ಈಗ ಏನಾಯಿತು?"

"ನೀವು ಅವರನ್ನೇ ಕೇಳಿ ಸಾರ್."

ಮಾಲೀಕರು ಒಳಗೆ ಕರೆದು ಅದನ್ನೇ ಕೇಳಿದರು. ರೇಂಜಿನಲ್ಲಿ ಕಂಡದ್ದನ್ನು ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜೇಕಬ್ ಹೇಳಲಿಲ್ಲ. ಮುದುಕರ ಮುಚ್ಚಿದ ಕಣ್ಣು ತನ್ನ ಸ್ವತ್ತಲ್ಲ ಎಂದು ಅವರಿಗೆ ಅನ್ನಿಸಿತ್ತು. "ಗಿರಾಕಿಗೆ ಹಿಡಿಸಿದ್ದು ಅದು," ಎಂದಷ್ಟೇ ಎಂದರು. ಆ ತಿಂಗಳೇ ಅವರನ್ನು ಕೌಂಟರಿನಿಂದ ಗೋಡೌನಿಗೆ ಕಳುಹಿಸಲಾಯಿತು. ಬೇಸಗೆಯ ಬೆಂಕಿಯಂಥ ಗಾಳಿಯಲ್ಲಿ ಟೆಂಟು, ಬೂಟುಗಳ ಪೆಟ್ಟಿಗೆ ಇಳಿಸಿಕೊಳ್ಳುವ ಕೆಲಸ. ಸಂಜೆ ಅಂಗಿ ಉಪ್ಪುಗಟ್ಟಿ ಮನೆಗೆ ಬಂದಾಗ ತೆರೆಜಾ, "ಒಂದು ಮಾತು ಹೇಳಿಬಿಟ್ರೆ ಎಂತ ಆಗ್ತಿತ್ತು?" ಎಂದು ಕೇಳಿದರು.

"ನಿಮ್ಮ ಕ್ಲಿನಿಕ್ಕಿನಲ್ಲಿ ಯಾರು ಅತ್ತರು ಅಂತ ನೀನು ಹೊರಗೆ ಹೇಳ್ತೀಯಾ?"

ತೆರೆಜಾ ಮತ್ತೆ ಆ ವಿಷಯ ಎತ್ತಲಿಲ್ಲ. ಶರಲ್ ಮಾತ್ರ ಆಮೇಲಿನ ದಿನಗಳಲ್ಲಿ ಅಪ್ಪ ಬಂದ ಕೂಡಲೆ ತಣ್ಣೀರಿನ ಬಾಟಲಿ ತಂದು ಪಕ್ಕದಲ್ಲಿಡುತ್ತಿದ್ದಳು.

ಅಕ್ಟೋಬರಿನಲ್ಲಿ ಅಬು ಫಹದ್ ಅಂಗಡಿಗೆ ಬಂದರು. ಕೌಂಟರಿನಲ್ಲಿ ಯಾಕೂಬ್ ಇಲ್ಲದ್ದನ್ನು ಕಂಡು ವಿಚಾರಿಸಿದರು. ತಾವೇ ಗೋಡೌನಿನವರೆಗೆ ನಡೆದುಬಂದು, ಪೆಟ್ಟಿಗೆಯೊಂದರ ಮೇಲೆ ಕುಳಿತರು. ಜೇಕಬ್ ಕುರ್ಚಿ ತರಲು ಹೊರಟರೆ ತಡೆದರು.

"ಮೊದಲ ದಿನ ಜಿಂಕೆ ದೂರ ಇತ್ತು. ನೀನು ಹೇಳಿದ್ದೆಯಲ್ಲ, ಹೊಡೆಯಲಿಲ್ಲ. ಗೈಡಿಗೆ ಬೇಸರವಾಯಿತು. ಇನ್ನೊಂದು ದಿನ ತೊರೆಯ ಪಕ್ಕದಲ್ಲಿ ಸಿಕ್ಕಿತು. ಹೊಡೆದೆ. ನಾಲ್ಕು ಹೆಜ್ಜೆ ಹಾಕಿತು, ಬಿತ್ತು. ಅಷ್ಟೇ."

"ಒಳ್ಳೆಯದಾಯ್ತು ಬಾಬಾ."

"ಪೂರ್ತಿ ಕೇಳು." ಮುದುಕರ ದನಿ ತಗ್ಗಿತು. "ನನ್ನ ಕಣ್ಣು ತೆರೆದಿತ್ತು. ಅದು ಬೀಳುವುದನ್ನು ರೈಫಲಿನ ಸ್ಕೋಪಿನಲ್ಲಿ ನೋಡಿದೆ. ಮೊದಲು ನಿಂತೇ ಇತ್ತು, ಏನಾಯಿತೆಂದು ಅದಕ್ಕೆ ತಿಳಿಯದ ಹಾಗೆ. ಆ ನಾಲ್ಕು ಹೆಜ್ಜೆಯ ಮೇಲೆ ಮುಂಗಾಲು ಮಡಚಿತು. ಇಷ್ಟು ವರ್ಷ ನಾನು ಸದ್ದು ಕೇಳುತ್ತಿದ್ದೆ, ಕಣ್ಣು ಬಿಟ್ಟಾಗ ಅದು ಬಿದ್ದಿರುತ್ತಿತ್ತು. ಈ ಸಲ ನೋಡಿದೆ."

ನರಳಾಟ ತಪ್ಪಬೇಕೆಂದು ಮಾತ್ರ ಜೇಕಬ್ ಯೋಚಿಸಿದ್ದರು. ಹೊಡೆದವರು ಅದನ್ನು ಕಾಣುತ್ತಾರೆ, ಕಂಡದ್ದನ್ನು ಹೊತ್ತು ತರುತ್ತಾರೆ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ.

"ನಾನು ತಪ್ಪು ಮಾಡಿದ್ನಾ ಬಾಬಾ?"

"ಇಲ್ಲ. ಹೊಡೆಯುವವನು ನೋಡಬೇಕು. ನೋಡಲಾಗದಿದ್ದರೆ ಹೊಡೆಯಬಾರದು. ಇದು ನನಗೆ ಮೊದಲೇ ತಿಳಿಯಬೇಕಿತ್ತು." ಅವರು ಎದ್ದು ಥೋಬ್ ನಿಲುವಂಗಿಯ ಧೂಳು ಕೊಡವಿಕೊಂಡರು. "ಫಹದನಿಗೆ ಎಲ್ಲ ಹೇಳಿದ್ದೇನೆ. ಖಾಲಿ ತೋಟೆಯದ್ದನ್ನೂ ಹೇಳಿದೆ. ನೀನು ಬಾಯಿ ಬಿಡಲಿಲ್ಲವಂತಲ್ಲ."

ಕೆಲವು ದಿನಗಳಲ್ಲಿ ಜೇಕಬರನ್ನು ಮತ್ತೆ ಕೌಂಟರಿಗೆ ಕರೆಸಿದರು. ಮಾಲೀಕರು ಕಾರಣವನ್ನೇನೂ ಹೇಳಲಿಲ್ಲ. ಫಹದ್ ಬಂದಾಗ ಕ್ಷಮೆ ಕೇಳಲಿಲ್ಲ, ಆದರೆ ಕೈ ಕುಲುಕಿದ. ತನಗೂ ಒಂದು ದಿನ ರೇಂಜಿನಲ್ಲಿ ಹಾಗೆಯೇ ತೋಟೆ ತುಂಬಿಕೊಡುವೆಯಾ ಎಂದು ಇಂಗ್ಲಿಷಿನಲ್ಲಿ, ಆಚೀಚೆ ನೋಡಿ, ಕೇಳಿದ.

ಮುಂದಿನ ಸೆಪ್ಟೆಂಬರಿನಲ್ಲೂ ಅಬು ಫಹದ್ ಸ್ಕಾಟ್ಲೆಂಡಿಗೆ ಹೋದರು, ಮಗನೊಂದಿಗೆ. ಹೊಡೆದರೋ ಇಲ್ಲವೋ ಎಂದು ಜೇಕಬ್ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಒಂದು ಉಣ್ಣೆಯ ಶಾಲು ತಂದು, "ನಿನ್ನ ಹೆಂಡತಿಗೆ ಕೊಡು, ಆ ಕುರ್ಚಿಯ ಕತೆ ಹೇಳಿದವರಿಗೆ," ಎಂದರು. ಐನ್ ಖಾಲಿದ್‌ನ ಸೆಖೆಯಲ್ಲಿ ಉಣ್ಣೆ ಹೊದೆಯುವುದು ಯಾವಾಗ ಎಂದು ತೆರೆಜಾ ನಕ್ಕರು. ಆದರೂ ಕ್ಲಿನಿಕ್ಕಿನ ಎಸಿ ಬಹಳ ತಣ್ಣಗಿರುತ್ತದೆಂದು ಅಲ್ಲಿಗೆ ಒಯ್ದರು, ಈಗ ದಿನವೂ ಅದನ್ನು ಹೊದ್ದೇ ಕೂರುತ್ತಾರೆ.