ಆಯುಧಪೂಜೆಗೆ ಕೂತ ರೌಟರ್

ನಮ್ಮ ಮನೆಯಲ್ಲಿ ಇಂಟರ್ನೆಟ್ ಕೆಟ್ಟರೆ ಸರಿ ಮಾಡುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಿನಕಲ್‌ನ ನಮ್ಮ ಬೀದಿಯಲ್ಲಿ ಇದನ್ನು ನಂಬದವರು ಇನ್ನೂ ಇದ್ದಾರೆ. ನನ್ನ ಗಂಡನೂ ಅವರಲ್ಲಿ ಒಬ್ಬರು. ದೇವರಾಜ ಮೊಹಲ್ಲಾದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದವಳು. ಅಲ್ಲಿ ನೆಟ್ ಹೋಯಿತೆಂದರೆ ಆನ್‌ಲೈನ್ ಅರ್ಜಿ ಹಾಕಲು ಬಂದವರ ಸಾಲು ರಸ್ತೆಗೆ ಬರುತ್ತದೆ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ಅಂಥ ಕಡೆ ಕಲಿತದ್ದು ಮರೆಯುವುದಿಲ್ಲ.

ನನ್ನ ಅತ್ತೆ ರವಿಕೆ ಹೊಲಿಯುತ್ತಾರೆ. ಹಿನಕಲ್ ಇನ್ನೂ ಹಳ್ಳಿಯಾಗಿದ್ದು, ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಿದ್ದ ಕಾಲದಿಂದಲೂ ಅವರ ಮಿಷನ್ ನಮ್ಮ ಮುಂದಿನ ಕೋಣೆಯಲ್ಲೇ ಇದೆ. ಅವರು ಹೊಲಿದ ರವಿಕೆಯ ಕಂಕುಳಲ್ಲಿ ಒಂದು ಸುಕ್ಕು ಬಿದ್ದದ್ದನ್ನು ನಾನು ನೋಡಿಲ್ಲ. ದಾವಣಗೆರೆಯಲ್ಲಿರುವ ನನ್ನ ತಂಗಿ ಒಮ್ಮೆ ಇವರ ಕೈಯ ರವಿಕೆ ಹಾಕಿಕೊಂಡು ಮದುವೆಗೆ ಹೋದಳು. ಆಮೇಲೆ ಅವಳ ಗೆಳತಿಯರೆಲ್ಲ, ನಮಗೂ ಕಟಿಂಗ್ ಹೇಳಿಕೊಡಲಿ, ಫೋನಿನಲ್ಲೇ ಹೇಳಿಕೊಟ್ಟರೂ ಸಾಕು ಎಂದು ದುಂಬಾಲು ಬಿದ್ದರು.

ಅತ್ತೆ ಸುಲಭಕ್ಕೆ ಒಪ್ಪಲಿಲ್ಲ. “ಅವ್ರೆಲ್ಲ ಓದ್ದೋರು. ನಾನು ಇಸ್ಕೂಲು ಕಂಡಿದ್ದೇ ಅಷ್ಟಕ್ಕಷ್ಟೆ. ಏನಾರ ಕೇಳ್ಬುಟ್ರೆ ಏನಂತ ಯೋಳ್ಲವ್ವ?” ಎನ್ನುತ್ತಿದ್ದರು. ನಾನು ಬಿಡುವ ಪೈಕಿಯಲ್ಲ. ಕೊನೆಗೆ, ವಿಜಯದಶಮಿ ದಿನ ಶುರು ಮಾಡುವುದಾದರೆ ಮಾತ್ರ ಕೂರುತ್ತೇನೆ ಎಂದರು. ಒಳ್ಳೆಯದೇ ಆಯಿತೆಂದು ತಂಗಿಗೆ ತಿಳಿಸಿದೆ.

ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಮೇಲೆ ಮೇಲೆ ಒರೆಸಿ ಹೂ ಮುಡಿಸುವುದಲ್ಲ. ಅತ್ತೆ ಮಿಷನ್ನನ್ನು ಬಿಚ್ಚುತ್ತಾರೆ. ಸೂಜಿ, ಬಾಬಿನ್, ಪಟ್ಟಿ, ಎಲ್ಲವನ್ನೂ ಹೊರಗೆ ತೆಗೆದು, ಬ್ರಷ್ಷಿನಿಂದ ಧೂಳು ಹೊಡೆದು, ಎಣ್ಣೆ ಬಿಟ್ಟು, ಒಂದೊಂದು ಭಾಗಕ್ಕೂ ಗಂಧ ಕುಂಕುಮ ಇಟ್ಟು, ಮತ್ತೆ ಜೋಡಿಸುತ್ತಾರೆ. ಆ ಸಲ ಟಿವಿ ಪಕ್ಕದ ಮೋಡೆಮ್ಮನ್ನೂ ರೌಟರನ್ನೂ ತಾವೇ ಇಳಿಸಿ ತಂದು ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ಕೂರಿಸಿದರು. “ನಾಳಿಂದ ಇದೂ ನನ್ ಕಸುಬಿನ ಸಾಮಾನೇ ಅಲ್ವಾ?” ಎಂದರು. ರೌಟರಿನ ಎರಡು ಕೊಂಬಿಗೂ ಸೇವಂತಿಗೆ ಸುತ್ತಿದ್ದರು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಪೂಜೆಗಿಟ್ಟ ಸಾಮಾನನ್ನು ಅವತ್ತು ಬಳಸುವ ಹಾಗಿಲ್ಲ, ಹಾಗಾಗಿ ಯಾರೂ ನೆಟ್ ಕೇಳಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ, ಎಲ್ಲವನ್ನೂ ಕದಲಿಸಿ, ಮೋಡೆಮ್ಮನ್ನೂ ರೌಟರನ್ನೂ ತಾವೇ ವಾಪಸ್ಸು ಜೋಡಿಸಿದರು. ನಾನು ಸ್ವಿಚ್ ಹಾಕಿದೆ. ರೌಟರಿನಲ್ಲಿ ಕೆಂಪು ದೀಪ ಹತ್ತಿತು, ಹಸಿರಾಗಲಿಲ್ಲ. ಪಾಠಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಮೊಬೈಲ್ ನೆಟ್ಟಿನಲ್ಲೇ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಎದುರಿಗೆ ದೊಡ್ಡ ಕಟ್ಟಡ ಎದ್ದ ಮೇಲೆ ಮುಂದಿನ ಕೋಣೆಯಲ್ಲಿ ಸಿಗ್ನಲ್ ಎಂಬುದೇ ಇಲ್ಲ. ಮಾತು ಹೇಗೋ ನಡೆಯುತ್ತದೆ, ವಿಡಿಯೊ ನಿಂತಲ್ಲೇ ನಿಲ್ಲುತ್ತದೆ. ಕತ್ತರಿ ಎಲ್ಲಿ ತಿರುಗಿತು ಎಂದು ಕಾಣದಿದ್ದರೆ ಕಟಿಂಗ್ ಪಾಠ ಯಾತಕ್ಕೆ? ಕೇಬಲ್‌ನವರಿಗೆ ಫೋನ್ ಮಾಡಿದೆ. “ಜಂಬೂಸವಾರಿ ದಿನ ಯಾರ್ ಬರ್ತಾರೆ ಮೇಡಂ? ನಾಳೆ ಕಳಿಸ್ತೀನಿ” ಎಂದರು. ಅವರನ್ನು ಬೈದು ಪ್ರಯೋಜನವಿರಲಿಲ್ಲ, ಆದರೂ ಸ್ವಲ್ಪ ಬೈದೆ.

ನನ್ನ ಗಂಡ ಬಂದವರೇ ರೌಟರಿನ ತಲೆಯ ಮೇಲೆ ಎರಡು ತಟ್ಟಿದರು. ಆಮೇಲೆ ಅದರ ಹಿಂದಿನ ಸಣ್ಣ ತೂತಿಗೆ ಚುಚ್ಚಲು ಪಿನ್ನು ಹುಡುಕತೊಡಗಿದರು.

“ರೀ, ಅದನ್ನ ಒತ್ತಿದ್ರೆ ಪಾಸ್‌ವರ್ಡು ಗೀಸ್‌ವರ್ಡು ಎಲ್ಲ ಅಳಿಸಿಹೋಗುತ್ತೆ. ನೀವು ಸುಮ್ನೆ ಟಿವಿ ನೋಡಿ,” ಎಂದೆ.

“ನೀನೇ ದೊಡ್ಡ ಇಂಜಿನಿಯರ್ರು,” ಎನ್ನುತ್ತಾ ಅವರು ಟಿವಿ ಹಾಕಿಕೊಂಡರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೊಸ ಸೀರೆ ಉಟ್ಟು ತಲೆಗೆ ಹೂ ಮುಡಿದಿದ್ದರು. “ದೇವ್ರಿಗೇ ಇಷ್ಟ ಇಲ್ಲ ಅಂತ ಕಾಣ್ತದೆ. ಬುಡವ್ವ, ಹೋಗ್ಲಿ,” ಎಂದರು. ಅವರ ಈ ‘ಬುಡವ್ವ’ ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ಬೇಸರಕ್ಕಿಂತ ಸಮಾಧಾನವೇ ಜಾಸ್ತಿ ಇತ್ತು. ಇವತ್ತು ತಪ್ಪಿಸಿಕೊಂಡರೆ ಈ ಹೆಂಗಸು ಜನ್ಮದಲ್ಲಿ ಇನ್ನು ಪಾಠಕ್ಕೆ ಕೂರುವುದಿಲ್ಲ, ತಾನು ಹೇಳಿಕೊಡಲು ಲಾಯಕ್ಕಲ್ಲ ಎಂದೇ ಉಳಿಯುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅಂಗಡಿಯಲ್ಲಿ ಕಲಿತ ಕ್ರಮದಲ್ಲೇ ಹೊರಟೆ. ಎರಡೂ ಪೆಟ್ಟಿಗೆಗಳನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೊದಲು ಮೋಡೆಮ್, ಅದು ಎಚ್ಚರವಾದ ಮೇಲೆ ರೌಟರ್ ಹಾಕಿದೆ. ಕೆಂಪು ಹೋಗಲಿಲ್ಲ. ಆಗ ಮೋಡೆಮ್ಮಿನ ದೀಪ ನೋಡಿದೆ. ಅದು ಮಿಟುಕುತ್ತಲೇ ಇತ್ತು. ಮಿಟುಕುತ್ತಿದೆ ಎಂದರೆ ಹೊರಗಿನ ಕೇಬಲ್ ಲೈನು ಅದಕ್ಕೇ ಸಿಕ್ಕಿಲ್ಲ ಎಂದರ್ಥ. ಹಾಗಿರುವಾಗ ಪಾಪದ ರೌಟರ್ ಏನು ತಾನೇ ಕೊಟ್ಟೀತು?

ಬೀದಿಯ ಲೈನೇ ಹೋಗಿದೆಯೋ ಎಂದುಕೊಳ್ಳುವಾಗ ಟಿವಿಯಲ್ಲಿ ಅರಮನೆ ಕಾಣಿಸಿತು. ನನ್ನ ಗಂಡ ಅವತ್ತು ಮಾಡಿದ ಒಂದೇ ಉಪಕಾರ ಅದು. ನಮ್ಮ ಮನೆಗೆ ಬರುವ ಕೇಬಲ್ ಒಂದೇ. ಗೋಡೆಯ ಮೇಲಿನ ಪುಟ್ಟ ಡಬ್ಬಿಯಲ್ಲಿ ಅದು ಕವಲಾಗಿ ಒಂದು ಟಿವಿಗೆ, ಇನ್ನೊಂದು ಮೋಡೆಮ್ಮಿಗೆ ಹೋಗುತ್ತದೆ. ಟಿವಿ ಬರುತ್ತಿದೆ, ಅಂದರೆ ಲೈನು ಗೋಡೆಯ ತನಕ ಬಂದಿದೆ. ಉಳಿದದ್ದು ಡಬ್ಬಿಯಿಂದ ಮೋಡೆಮ್ಮಿನವರೆಗಿನ ಆ ಮೊಳದುದ್ದದ ಕಪ್ಪು ಕೇಬಲ್ ಮಾತ್ರ. ಸಿಕ್ಕಿತು ಕಳ್ಳ ಎಂದುಕೊಂಡೆ.

ಸ್ವಿಚ್ ಆರಿಸಿ, ಮೋಡೆಮ್ಮಿನ ಹಿಂದೆ ಕೇಬಲ್ಲಿನ ತಿರುಪನ್ನು ಬಿಚ್ಚಿದೆ. ಅದು ಬೆಣ್ಣೆಯಂತೆ ಜಾರಿ ಕೈಗೆ ಬಂತು. ಬೆರಳಿಗೆ ಎಣ್ಣೆ ಹತ್ತಿತು, ಹೊಲಿಗೆ ಮಿಷನ್ನಿನ ಎಣ್ಣೆ. ನಡುವೆ ತಾಮ್ರದ ಸಣ್ಣ ತಂತಿ ಹೊಳೆಯಬೇಕಾದ ಕಡೆ ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು. ಅದರ ತುದಿಯಲ್ಲಿ ಅಚ್ಚುಕಟ್ಟಾಗಿ ಒಂದು ಚುಕ್ಕೆ ಕುಂಕುಮ.

ಅತ್ತೆ ಬಗ್ಗಿ ನೋಡಿದರು. “ತಿರುಪು ಬಿಗಿಯಾಗಿತ್ತು ಅಂತ ಒಂದು ತೊಟ್ಟು ಎಣ್ಣೆ ಬುಟ್ಟೆ. ಒಳ್ಗಡೆ ಸೂಜಿ ಇದ್ದಂಗಿತ್ತು, ಅದ್ಕೂ ಗಂಧ ಇಟ್ಟೆ,” ಎಂದವರು ನನ್ನ ಎಣ್ಣೆ ಬೆರಳನ್ನು ನೋಡಿ, “ನಾನೇ ಕೆಡಿಸ್ಬುಟ್ನಾ?” ಎಂದು ಕೇಳಿದರು.

ಧೂಳು ಕೂತಿತ್ತು ಅತ್ತೆ ಎಂದು ಹೇಳಬಹುದಿತ್ತು. ನನಗೆ ಅಂಥದ್ದು ಬರುವುದಿಲ್ಲ. “ಹೂಂ, ನೀವೇ,” ಎಂದೆ.

ಅವರ ಮುಖ ಸಣ್ಣಗಾಯಿತು. “ನೋಡ್ದಾ? ಒಂದು ವೈರು ಸಿಕ್ಕಿಸಕ್ಕೆ ಬರದೋಳು ನಾನು, ನಂಗ್ಯಾಕವ್ವ ಪಾಠ ಗೀಠ?”

“ಹೊಲಿಗೆ ತಪ್ಪಿದ್ರೆ ಬಟ್ಟೆ ಬಿಸಾಕ್ತೀರಾ?”

“ಯಾಕ್ ಬಿಸಾಕ್ಲಿ? ಬಿಚ್ಚಿ ಹೊಲಿತೀನಿ.”

“ಹಂಗಾದ್ರೆ ಬಿಚ್ಚಿ,” ಎಂದು ಕೇಬಲ್ಲಿನ ತುದಿಯನ್ನು ಅವರ ಕೈಗೇ ಕೊಟ್ಟೆ. ನಾನೇ ಮಾಡಿದ್ದರೆ ಬೇಗ ಆಗುತ್ತಿತ್ತೋ ಏನೋ. ಆದರೆ ನಾನು ಸರಿ ಮಾಡಿ ಕೊಟ್ಟ ನೆಟ್ಟಿನ ಮುಂದೆ ಅವರು ತಲೆ ತಗ್ಗಿಸಿ ಕೂರುವುದು ನನಗೆ ಬೇಕಿರಲಿಲ್ಲ.

ಅತ್ತೆ ಕನ್ನಡಕ ಏರಿಸಿ, ಹೊಲಿಗೆ ಬಿಚ್ಚುವ ಅರ್ಧ ಬ್ಲೇಡು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಕೂತರು. ಆ ಕೈಯನ್ನು ನೀವು ನೋಡಬೇಕಿತ್ತು. ಕೂದಲಿನಷ್ಟು ಹೆಚ್ಚು ಒತ್ತಿದ್ದರೂ ತಂತಿ ಮುರಿಯುತ್ತಿತ್ತು. ಅವರು ರೇಷ್ಮೆ ರವಿಕೆಯ ಹೊಲಿಗೆ ಬಿಚ್ಚುವಾಗಿನ ನಿಧಾನದಲ್ಲೇ ಗಂಧವನ್ನು ಹೆರೆದು ಹೆರೆದು ತೆಗೆದರು. ತಿರುಪಿನ ಎಣ್ಣೆಯನ್ನು ಒಣ ಬಟ್ಟೆಯ ಚೂರಿನಿಂದ ಒತ್ತಿ ಒರೆಸಿದರು, ಮೋಡೆಮ್ಮಿನ ಬಾಯನ್ನು ಮಿಷನ್ನಿನ ಬ್ರಷ್ಷಿನಿಂದ ಗುಡಿಸಿದರು. ತಾಮ್ರ ಮಿರುಗಿತು. ನಾನು ಕೇಬಲ್ ತಿರುಗಿಸಿ ಬಿಗಿದು ಸ್ವಿಚ್ ಹಾಕಿದೆ.

ಮೋಡೆಮ್ಮಿನ ದೀಪ ಮಿಟುಕಿತು, ಮಿಟುಕಿತು, ನಿಂತಿತು. ಅದರ ಹಿಂದೆಯೇ ರೌಟರಿನ ಕೆಂಪು ಹೋಗಿ ಹಸಿರು ಬಂತು. ನಾನು ಕೂಗಿದ ಕೂಗಿಗೆ ಗಂಡ ಎದ್ದು ನಿಂತರು. “ಆಯ್ತಾ? ಭಲೇ,” ಎಂದರು. ಅವರ ಬಾಯಲ್ಲಿ ನನಗೆ ಭಲೇ ಬಂದದ್ದು ಅಪರೂಪ, ನಾನು ಅದನ್ನು ಪೂರ್ತಿ ಅನುಭವಿಸಿದೆ.

ಫೋನನ್ನು ಕಟಿಂಗ್ ಟೇಬಲ್ಲಿನ ಮೇಲೆ ನಿಲ್ಲಿಸಿ ವಿಡಿಯೊ ಕರೆ ಮಾಡಿದೆ. ದಾವಣಗೆರೆಯ ಮುಖಗಳು ಒಂದೊಂದಾಗಿ ಬಂದವು, ಎಲ್ಲರೂ ಮಡಿಲಲ್ಲಿ ಬಟ್ಟೆ ಇಟ್ಟುಕೊಂಡಿದ್ದರು. ಅತ್ತೆ ಮೊದಲು ತೊದಲಿದರು. ಟೇಪು ಕೈಗೆ ಬಂದ ಮೇಲೆ ತೊದಲಲಿಲ್ಲ. “ಮೊದ್ಲು ಬಟ್ಟೆ ನೋಡ್ಬೇಡಿ ಕಣ್ರವ್ವ, ಹಾಕ್ಕೊಳೋರ ಭುಜ ನೋಡಿ. ಎರಡೂ ಭುಜ ಒಂದೇ ಸಮ ಇರೋರು ಯಾರೂ ಇಲ್ಲ,” ಎಂದರು. ಅಲ್ಲಿ ಎಲ್ಲರೂ ತಮ್ಮ ತಮ್ಮ ಭುಜ ಮುಟ್ಟಿ ನೋಡಿಕೊಂಡರು. ಒಬ್ಬಾಕೆ ಪೆನ್ನು ತೆಗೆದು ಬರೆದುಕೊಂಡಳು.

ಅಷ್ಟರಲ್ಲಿ ಹೊರಗಿನಿಂದ ಪಕ್ಕದ ಬೀದಿಯ ಹೆಂಗಸೊಬ್ಬಳು ಕೂಗಿದಳು. ಸಂಜೆಗೆ ಉಡಬೇಕು, ರವಿಕೆ ತೋಳು ಬಿಗಿಯಾಗಿದೆ, ಒಂಚೂರು ಬಿಟ್ಟುಕೊಡಿ ಎಂದಳು. ಅತ್ತೆ ಬಾಗಿಲಿಗೆ ಬಂದ ಗಿರಾಕಿಯನ್ನು ಯಾವತ್ತೂ ಹಿಂದಕ್ಕೆ ಕಳಿಸಿದವರಲ್ಲ, ಊಟದ ತಟ್ಟೆ ಬಿಟ್ಟು ಎದ್ದವರು. ಈಗಲೂ ಏಳುತ್ತಾರೆ ಎಂದುಕೊಂಡೆ.

ಅವರು ತಲೆ ಎತ್ತಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಲೇ, “ಈಗಾಗಲ್ಲ ಕಣವ್ವ, ಆಮೇಕೆ ಬಾ. ಪಾಠ ಮಾಡ್ತಾ ಇವ್ನಿ,” ಎಂದರು.