ಹಳದಿ ದೀಪದ ಮೇಲೊಂದು ಕಪ್ಪು ಸ್ಟಿಕ್ಕರ್

“ಅಕ್ಕಾ, ಇವತ್ತಿನೊಳಗೆ ದುಬೈ ಮುಟ್ಟದಿದ್ದರೆ ನನ್ನ ವೀಸಾ ಹೋಯ್ತು!”

ಹಿಂದಿನ ಸೀಟಿನಲ್ಲಿ ತಮ್ಮ ರಾಜೇಶ. ವೀಸಾ ಹೋದರೆ ಕೆಲಸವೂ ಹೋದ ಹಾಗೆ. ಆಗ ನಮ್ಮ ಕಾರು ಎಲ್ಲಿತ್ತು ಗೊತ್ತಾ? ಪುತ್ತೂರಿನ ಪೆಟ್ರೋಲ್ ಬಂಕಿನಲ್ಲಿ. ಟ್ಯಾಂಕ್ ಫುಲ್, ಎಂಜಿನ್ ಬಂದ್!

ನರಿಮೊಗರಿನ ಮನೆಯಿಂದ ಬರುವಾಗ ಏನೂ ತಕರಾರಿರಲಿಲ್ಲ. ಈಗ ಕೀ ತಿರುಗಿಸಿದರೆ ಬರೀ ಕುಂಯ್ ಕುಂಯ್.

“ಬ್ಯಾಟರಿ ಹೋಗಿದೆ,” ಎಂದರು ನಮ್ಮ ಯಜಮಾನರು. “ಪಂಪ್ ಹೋದದ್ದು ಮಾರಾಯ್ರೆ,” ಎಂದರು ಪಕ್ಕದ ರಿಕ್ಷಾದವರು. (ನಮ್ಮೂರಲ್ಲಿ ಬಾನೆಟ್ ಎತ್ತಿದರೆ ಸಾಕು, ತಜ್ಞರಿಗೆ ಬರವಿಲ್ಲ.) ರಾಜೇಶ ಟ್ಯಾಕ್ಸಿಗೆ ಫೋನ್ ಮಾಡುತ್ತಿದ್ದ. ಫೋನೆತ್ತಿದ ಒಬ್ಬನೇ ಒಬ್ಬ ಡ್ರೈವರ್ ದೂರದ ಸುಳ್ಯದಲ್ಲಿದ್ದ.

ನನಗೆ ಪಿತ್ತ ನೆತ್ತಿಗೇರಿತು. ಈ ಕಾರು ತಿಂಗಳಿನಿಂದ ಹೇಳುತ್ತಲೇ ಇತ್ತು. ಪೆಟ್ರೋಲ್ ವಾಸನೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಯಜಮಾನರು ಮಾಡಿದ್ದೇನು? ದೀಪದ ಮೇಲೆ ಕಪ್ಪು ಸ್ಟಿಕ್ಕರ್ ಅಂಟಿಸಿದ್ದು!

“ಕಂಡರೆ ಅಲ್ವಾ ತಲೆಬಿಸಿ? ಓಡ್ತಾ ಉಂಟಲ್ಲ, ಸುಮ್ಮನಿರು” ಅಂತ.

ಬೈಯಲು ಪುರುಸೊತ್ತಿರಲಿಲ್ಲ. ಯೋಚಿಸಿದೆ. ಮನೆಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಕಾರು, ಹಠ ಹಿಡಿಯುವುದು ಪೆಟ್ರೋಲ್ ತುಂಬಿಸಿದ ಕೂಡಲೇ. ಕಳೆದ ಸಲವೂ ಹೀಗೇ. ಟ್ಯಾಂಕ್ ತುಂಬಿದ್ದು ಬ್ಯಾಟರಿಗೆ ಹೇಗೆ ಗೊತ್ತಾಗಬೇಕು? ಪೆಟ್ರೋಲಿನ ಆವಿಯನ್ನು ಎಂಜಿನ್‌ಗೆ ಹದವಾಗಿ ಬಿಡಲು ಒಂದು ವಾಲ್ವ್ ಇರುತ್ತದೆ. ಅದು ಮುಚ್ಚದೆ ಕೂತರೆ, ತುಂಬಿಸುವಾಗ ಎದ್ದ ಆವಿಯೆಲ್ಲ ನುಗ್ಗಿ ಎಂಜಿನ್ ಉಸಿರು ಕಟ್ಟುತ್ತದೆ. ವಾಸನೆ ಬಂದ ದಿನವೇ ಒಂದು ವಿಡಿಯೋದಲ್ಲಿ ನೋಡಿದ್ದೆ.

ಕಾರನ್ನು ಬಂಕಿನಿಂದಾಚೆ ತಳ್ಳಿಸಿದೆ. “ಇಳೀರಿ, ನಾನು ನೋಡ್ತೇನೆ.”

“ವಿಡಿಯೋ ನೋಡಿ ಮೆಕ್ಯಾನಿಕ್ ಆದದ್ದಾ ನೀನು?”

ಡ್ರೈವರ್ ಸೀಟಿಗೆ ಹತ್ತಿದೆ. ತುಂಬಿದ ಆವಿ ಚದುರುವಷ್ಟು ಗಾಳಿ ಎಂಜಿನ್ ಒಳಗೆ ಹೋಗಲಿ ಎಂದು ಆಕ್ಸಿಲರೇಟರ್ ಪೂರ್ತಿ ತುಳಿದು ಕೀ ತಿರುಗಿಸಿದೆ. ಕುಂಯ್... ಕುಂಯ್... ದೇವರೇ! ರಾಜೇಶ ಕಣ್ಣು ಮುಚ್ಚಿ ಕೂತಿದ್ದ. ಕಾರು ಒಮ್ಮೆ ಕೆಮ್ಮಿತು, ನಡುಗಿತು, ಸ್ಟಾರ್ಟ್ ಆಯಿತು!

ಮಂಗಳೂರು ಏರ್‌ಪೋರ್ಟಿನವರೆಗೆ ಎಂಜಿನ್ ಆಫ್ ಮಾಡಲಿಲ್ಲ. ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿಗೆ ರಾಜೇಶ ಓಡಿ ಒಳಹೋದ. ನಾನು ಸ್ಟೇರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಮರುದಿನ ಗ್ಯಾರೇಜಿನಲ್ಲಿ ಆ ವಾಲ್ವ್ ಬಿಚ್ಚಿ ಊದಿದರು. ತಡೆಯಬೇಕಾದ ಗಾಳಿ ಸಲೀಸಾಗಿ ಆಚೆ ಬಂತು. ಹೊಸದು ಹಾಕಿದರು. ಯಜಮಾನರು ಸ್ಟಿಕ್ಕರ್ ಕಿತ್ತು, ಬೆರಳಿಗೆ ಅಂಟಿಸಿಕೊಂಡು, ಮೆಲ್ಲಗೆ ಕೇಳಿದರು: “ಇನ್ನು ಇದನ್ನು ಎಂತ ಮಾಡುದು?”

“ಸುಮ್ಮನಿರು” ಅನ್ನುವ ಬಾಯಿಗೆ ಅಂಟಿಸಿದರೆ ಆಗದಾ?