ಬೆಕ್ಕಿನ ಕೆಮ್ಮು

ಉಡುಪಿ ಬಳಿಯ ಶಂಕರಪುರದ ಬಾಡಿಗೆ ಮನೆಯಲ್ಲಿ ನನ್ನೊಂದಿಗೆ ಇದ್ದದ್ದು ಒಂದು ಬೂದು ಬೆಕ್ಕು ಮಾತ್ರ. ಧಾರವಾಡದ ಕಡೆಯಿಂದ ಶಾಲೆಯ ನೌಕರಿಗೆಂದು ಬಂದ ನನಗೆ ತುಳು ತಲೆಗೆ ಹತ್ತಲಿಲ್ಲ. ಸುತ್ತಲಿನವರು ತುಳುವಿನಲ್ಲಿ ಮಾತಾಡಿ ನಕ್ಕರೆ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ನನ್ನ ಬುದ್ಧಿಯೇ ಹಾಗೆ. ನನ್ನನ್ನು ಕನ್ನಡದಲ್ಲಿ ಬಾಯಿ ತುಂಬ ಮಾತಾಡಿಸುತ್ತಿದ್ದವರು ಪಕ್ಕದ ಮನೆಯ ಅಕ್ಕ ಒಬ್ಬರೇ. ಅವರದು ಮಲ್ಲಿಗೆ ಕೃಷಿ. ಬೆಳಿಗ್ಗೆ ಜಗಲಿಯಲ್ಲಿ ಹೂ ಕಟ್ಟುತ್ತ ಕೂತವರು, ನಾನು ಬಸ್ಸಿಗೆ ಹೊರಟರೆ "ಟೀಚರ್, ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು.

ಸಂಜೆಯಾದರೆ ಅವರು ಅಂಗಳದಲ್ಲಿ ಒಣ ತೆಂಗಿನ ಸಿಪ್ಪೆಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುವರು. ಮಲ್ಲಿಗೆ ತೋಟದ ತೇವಕ್ಕೆ ಅಷ್ಟು ಸೊಳ್ಳೆ. ಎರಡೂ ಮನೆಗಳಿಗೆ ಅದೊಂದೇ ಹೊಗೆ ಸಾಕಾಗುತ್ತಿತ್ತು.

ಮಳೆ ಮುಗಿಯುವ ಹೊತ್ತಿಗೆ ಬೆಕ್ಕು ಕೆಮ್ಮತೊಡಗಿತು. ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಕತ್ತು ಚಾಚಿ ಕೆಮ್ಮುವುದು, ಆಮೇಲೆ ಬಾಯಿ ತೆರೆದು ಉಸಿರಾಡುವುದು. ಹೊಗೆಯೇ ಕಾರಣ ಎಂದು ನಾನೇ ತೀರ್ಮಾನಿಸಿದೆ. ಸಿಟ್ಟು ಬಂದರೆ ನನ್ನ ಬಾಯಿಗೆ ನಮ್ಮೂರ ಮಾತೇ ಬರುತ್ತದೆ. ಬೇಲಿಯ ಬಳಿ ನಿಂತು, "ನಿಮ್ಮ ಹೊಗಿಗೆ ನನ್ನ ಬೆಕ್ಕು ಸಾಯಾಕ ಹತ್ತೈತ್ರಿ. ಮನುಷ್ಯಾರೇನ್ರಿ ನೀವು?" ಎಂದುಬಿಟ್ಟೆ.

ಅಕ್ಕ ಒಂದು ಕೊಡಪಾನ ನೀರು ತಂದು ಸಿಪ್ಪೆಯ ಮೇಲೆ ಹೊಯ್ದರು. ಮರುದಿನದಿಂದ ಹೊಗೆಯೂ ಇಲ್ಲ, ತಿಂಡಿಯ ವಿಚಾರಣೆಯೂ ಇಲ್ಲ.

ಕೆಮ್ಮು ಮಾತ್ರ ನಿಲ್ಲಲಿಲ್ಲ. ಕಾಪುವಿನ ದನದ ಡಾಕ್ಟರು ಬೆಕ್ಕನ್ನು ಪರೀಕ್ಷಿಸಿ, ಸ್ಕ್ಯಾನಿಗೆಂದು ಉಡುಪಿಗೆ ಕಳಿಸಿದರು. ವರದಿ ನೋಡಿ, "ಹೃದಯದ ಹುಳ ಉಂಟು ಟೀಚರ್. ಸೊಳ್ಳೆ ಕಚ್ಚಿ ಬರುವುದು. ನಾಯಿಗಳಿಗೆ ಜಾಸ್ತಿ, ಬೆಕ್ಕಿಗೆ ಅಪರೂಪ" ಎಂದರು.

"ಹುಳ ಸಾಯೂ ಹಂಗ ಔಷಧ ಕೊಡ್ರಿ."

"ನಾಯಿಗೆ ಕೊಡುವ ಮದ್ದು ಇದಕ್ಕೆ ಆಗುವುದಿಲ್ಲ. ಒಳಗೆ ಹುಳ ಸತ್ತರೆ ಬೆಕ್ಕೂ ಹೋಗಬಹುದು. ಉಬ್ಬಸಕ್ಕೆ ಮಾತ್ರೆ ಕೊಡ್ತೇನೆ. ಇನ್ನು ಸೊಳ್ಳೆ ಕಚ್ಚದ ಹಾಗೆ ನೋಡಿಕೊಳ್ಳಿ."

ಸೊಳ್ಳೆ ಓಡಿಸುವ ಹೊಗೆಯನ್ನೇ ನಾನು ನಂದಿಸಿದ್ದೆ. ಬೆಕ್ಕಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇವತ್ತೇ ಹೋಗಿ ತಪ್ಪಾಯಿತು ಎನ್ನಬೇಕು ಎಂದುಕೊಂಡೆ. ಹೋಗಲಿಲ್ಲ. ಕಿಟಕಿಗೆ ಬಲೆ ಹೊಡೆಸಿ, ಬಾಗಿಲು ಹಾಕಿ, ಬೆಕ್ಕಿನೊಂದಿಗೆ ನನ್ನನ್ನೂ ಕೂಡಿಹಾಕಿಕೊಂಡೆ. ಶಾಲೆ ಬಿಟ್ಟರೆ ಮರುದಿನ ಶಾಲೆಯ ತನಕ ಮನುಷ್ಯರೊಂದಿಗೆ ಒಂದು ಮಾತೂ ಇರುತ್ತಿರಲಿಲ್ಲ. ಅಂಥ ಒಂಟಿತನ ನನಗೆ ಯಾರೂ ಕೊಟ್ಟದ್ದಲ್ಲ, ನಾನೇ ಕೈಯಾರೆ ತಂದುಕೊಂಡದ್ದು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಬೆಕ್ಕು ಬಟ್ಟಲಿನತ್ತ ನಡೆಯುತ್ತಿದ್ದದ್ದು ಅಲ್ಲೇ ಕುಸಿಯಿತು. ಎತ್ತಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಎದೆಗೊತ್ತಿಕೊಂಡು ತುಂಬ ಹೊತ್ತು ಅತ್ತೆ. ಗುಂಡಿ ತೋಡಲು ನನ್ನಲ್ಲಿ ಒಂದು ಹಾರೆಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಬೇಲಿಯ ಬಳಿ ಹೋಗಿ ನಿಂತೆ. ಅಕ್ಕ ನನ್ನ ಕೈಯಲ್ಲಿದ್ದ ಟವೆಲಿನ ಗಂಟು ನೋಡಿದರು. ಕಟ್ಟುತ್ತಿದ್ದ ಹೂವನ್ನು ಬದಿಗಿಟ್ಟು, ಹಾರೆ ತಂದು, ತಾವೇ ತೋಡಿದರು.

ಮಣ್ಣು ಮುಚ್ಚಿದ ಮೇಲೆ ಹೇಳಿದೆ, "ಅಕ್ಕ, ಅದು ಹೊಗೆಯಿಂದ ಅಲ್ಲ. ಸೊಳ್ಳೆಯಿಂದ ಬಂದದ್ದು."

"ಗೊತ್ತುಂಟು" ಎಂದರು ಅಕ್ಕ. "ನಮ್ಮ ದನ ನೋಡಲಿಕ್ಕೆ ಬಂದಾಗ ಡಾಕ್ಟ್ರು ಹೇಳಿದ್ರು. ಎರಡು ತಿಂಗಳಾಯ್ತು. ನೀವಾಗಿ ಬಂದು ಹೇಳ್ತೀರಿ ಅಂತ ದಿನಾ ಕಾಯ್ತಾ ಇದ್ದೆ ಟೀಚರ್."